ಕೈಗೆ ಗಟ್ಟಿ, ಚಕ್ರಕ್ಕೆ ಸಡಿಲ

ಸೈಕಲ್ ನೋಡಲು ಹೋದವರು ಮೊದಲು ಮಾಡುವ ಕೆಲಸ ಬ್ರೇಕ್ ಲಿವರ್ ಒತ್ತಿ ನೋಡುವುದು. ಒತ್ತಿದ ಕೂಡಲೇ ಕಲ್ಲಿನ ಹಾಗೆ ನಿಂತುಬಿಟ್ಟರೆ ‘ಬ್ರೇಕ್ ಗಟ್ಟಿ ಇದೆ’ ಎನ್ನುತ್ತೇವೆ. ಮೆತ್ತಗೆ ಒಳಕ್ಕೆ ಹೋದರೆ ‘ಲೂಸ್ ಆಗಿದೆ, ಟೈಟ್ ಮಾಡಿಕೊಡಿ’ ಎನ್ನುತ್ತೇವೆ. ಸೈಕಲ್ ತುಳಿಯಲು ಕಲಿತ ದಿನದಿಂದ ನಾನೂ ಇದನ್ನೇ ನಂಬಿದ್ದೆ. ಆ ನಂಬಿಕೆ ಕಳಚಿದ್ದು ಆಗುಂಬೆ ಘಾಟಿಯ ನಾಲ್ಕನೇ ತಿರುವಿನಲ್ಲಿ.

ಸೈಕಲ್ ನನ್ನ ದೊಡ್ಡಪ್ಪನ ಮಗ ಅಣ್ಣನದು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದ. ಊರಿಗೆ ಮರಳುವಾಗ ಮನೆ ಸಾಮಾನಿನ ಜೊತೆ ಹಡಗಿಗೆ ಹಾಕಿಸಿ ತಂದ. ಆಮೇಲೆ ಅದು ವರ್ಷಗಟ್ಟಲೆ ಅಟ್ಟದ ಮೇಲಿತ್ತು. ‘ನನ್ನ ಮಂಡಿ ಕೇಳೋದಿಲ್ಲ, ನೀನು ತಗೊಂಡು ಹೋಗೋ’ ಎಂದು ಒಂದು ದಿನ ಇಳಿಸಿ ಕೊಟ್ಟ. ಬಾಗಿದ ಹ್ಯಾಂಡಲ್ ನೋಡಿದವರು ರೇಸ್ ಸೈಕಲ್ ಎನ್ನುತ್ತಾರೆ. ರೇಸಿಗೂ ಇದಕ್ಕೂ ಸಂಬಂಧವಿಲ್ಲ. ಉದ್ದನೆಯ ಚೌಕಟ್ಟು, ಚೀಲ ತೂಗುಹಾಕಲು ಕ್ಯಾರಿಯರ್, ತುಸು ದಪ್ಪ ಟೈರು, ಮಡ್‌ಗಾರ್ಡು, ಏರು ಹತ್ತಲು ಹಗುರ ಗೇರು: ಇದು ಬಟ್ಟೆಬರೆ ಹೇರಿಕೊಂಡು ವಾರಗಟ್ಟಲೆ ಊರೂರು ಸುತ್ತುವವರಿಗೆಂದೇ ಮಾಡಿದ ಟೂರಿಂಗ್ ಸೈಕಲ್.

ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯಿಂದ ಹೊರಟು ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುತ್ತಿದ್ದೆ. ಹಿಂದೆ ಎರಡು ಚೀಲ. ನಾನು, ಸೈಕಲ್, ಚೀಲ ಎಲ್ಲ ಸೇರಿ ನೂರು ಕಿಲೋ ಆಗಿರಬಹುದು. ಲಿವರ್ ಎರಡೂ ಕಲ್ಲಿನಷ್ಟು ಗಟ್ಟಿ. ಮೂರನೇ ತಿರುವು ದಾಟುವಷ್ಟರಲ್ಲಿ ಬೆರಳುಗಳು ನೋಯತೊಡಗಿದವು. ನಾಲ್ಕನೆಯದರಲ್ಲಿ ಕೆಳಗಿನಿಂದ ಬಸ್ಸು ಬಂತು. ಇದ್ದ ಬಲವನ್ನೆಲ್ಲ ಹಾಕಿ ಹಿಂಡಿದೆ. ಸೈಕಲ್ ನಿಧಾನವಾಯಿತು, ನಿಲ್ಲಲಿಲ್ಲ. ಒಂದು ಕಾಲನ್ನು ನೆಲಕ್ಕೆ ಉಜ್ಜುತ್ತ ಗುಡ್ಡದ ಕಡೆಯ ಚರಂಡಿಗೆ ತಂದು ನಿಲ್ಲಿಸಿದೆ. ಬಸ್ಸು ಹೋದ ಮೇಲೆ ನೋಡಿದರೆ ಅಂಗೈಯಲ್ಲಿ ಲಿವರಿನ ಗುರುತು ಕೆಂಪಗೆ ಮೂಡಿತ್ತು. ಉಳಿದ ಘಾಟಿಯನ್ನು ಸೈಕಲ್ ತಳ್ಳಿಕೊಂಡೇ ಇಳಿದೆ.

ಆ ಇಳಿಜಾರಿನಲ್ಲಿ ಬ್ರೇಕಿನ ಪಾಲಿಗೆ ಬರುವ ಕೆಲಸ ಎಷ್ಟೆಂದು ಲೆಕ್ಕ ಹಾಕಬಹುದು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವುಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಕಳೆಯುತ್ತದೆ. ನೂರು ಕಿಲೋ ತೂಕ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 490 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಗಾಳಿ ಒಂದು ಪಾಲು ತಿನ್ನುತ್ತದೆ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆ, ರಿಮ್ಮಿನ ಪಾಲು ಹೆಚ್ಚು. ಬೆರಳುದ್ದದ ನಾಲ್ಕು ರಬ್ಬರ್ ತುಂಡುಗಳು ಈ ಶಕ್ತಿಯನ್ನು ಉಜ್ಜಿ ಉಜ್ಜಿ ಬಿಸಿಯಾಗಿಸಿ ಗಾಳಿಗೆ ಬಿಡಬೇಕು.

ಸೈಕಲ್ಲನ್ನು ಶಿವಮೊಗ್ಗದ ಹಳೆಯ ಮೆಕ್ಯಾನಿಕ್ ಸಾಬ್ರ ಹತ್ತಿರ ತಂದೆ. ಲಿವರ್ ಒತ್ತಿ ನೋಡಿ, ‘ಬ್ರೇಕ್ ಏನೂ ಲೂಸ್ ಇಲ್ವಲ್ಲ ಮಾರಾಯ್ರೇ’ ಅಂದರು. ‘ಗಟ್ಟಿ ಇದೆ ಸಾಬ್ರೇ, ಆದರೆ ನಿಲ್ಲೋದಿಲ್ಲ’ ಅಂದೆ. ಅವರು ಮುಂದಿನ ಚಕ್ರ ಎತ್ತಿ ಒಮ್ಮೆ ತಿರುಗಿಸಿದರು. ರಿಮ್ ಹಾವಿನ ಹಾಗೆ ಆಚೆ ಈಚೆ ಓಲಾಡಿತು. ಮೂರು ನಾಲ್ಕು ಮಿಲಿಮೀಟರ್ ಬೆಂಡ್. ಸಾಬ್ರು ಚಕ್ರದಿಂದ ಕಣ್ಣು ತೆಗೆದು ಮೇಲೆ, ಬ್ರೇಕಿನ ವಯರ್ ಕಡೆ ನೋಡಿ, ‘ಅದಕ್ಕೇ ಇದನ್ನ ಮೇಲೆ ಎತ್ತಿದಾರೆ’ ಅಂದರು. ನನ್ನ ಅಷ್ಟೂ ಪಾಡಿನ ಮೂಲ ಆ ಒಂದು ಮಾತಿನಲ್ಲಿತ್ತು. ಬಿಡಿಸಿ ಹೇಳಬೇಕು.

ಈ ಸೈಕಲ್‌ನಲ್ಲಿರುವುದು ಕ್ಯಾಂಟಿಲಿವರ್ ಬ್ರೇಕ್. ಫೋರ್ಕಿನ ಎರಡು ಕಾಲಿಗೂ ಒಂದೊಂದು ಗೂಟ ಬೆಸೆದಿರುತ್ತಾರೆ. ಪ್ರತಿ ಗೂಟಕ್ಕೂ ಒಂದು ತೋಳು, ತೋಳಿನಲ್ಲಿ ಒಂದು ಬ್ರೇಕ್ ರಬ್ಬರ್. ಎರಡು ತೋಳುಗಳ ತುದಿಯನ್ನು ಟೈರಿನ ಮೇಲಿಂದ ಒಂದು ಗಿಡ್ಡ ಅಡ್ಡ ವಯರ್ ಜೋಡಿಸುತ್ತದೆ. ಲಿವರಿನಿಂದ ಇಳಿದ ಮುಖ್ಯ ವಯರಿನ ತುದಿಯಲ್ಲಿ ಒಂದು ಕೊಕ್ಕೆ. ಅದು ಅಡ್ಡ ವಯರನ್ನು ನಡುವಿನಲ್ಲಿ ಹಿಡಿದು ಮೇಲಕ್ಕೆ ಎಳೆದಾಗ ತೋಳುಗಳು ಒಳಕ್ಕೆ ತಿರುಗಿ ರಬ್ಬರ್ ರಿಮ್ಮನ್ನು ಕಚ್ಚುತ್ತದೆ. ಟೂರಿಂಗ್ ಸೈಕಲ್‌ಗಳು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಜಾಗ. ದಪ್ಪ ಟೈರಿಗೂ ಮಡ್‌ಗಾರ್ಡಿಗೂ ಕೆಸರಿಗೂ ಇದರಡಿಯಲ್ಲಿ ಧಾರಾಳ ಸ್ಥಳವಿದೆ. ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಊರಿನ ಮಫಾಕ್ ಕಂಪನಿಯ ಕ್ಯಾಂಟಿಲಿವರ್‌ಗಳನ್ನು ಹಾಕಿಕೊಂಡು ಆ ದೇಶದ ಸೈಕಲ್ ಯಾತ್ರಿಕರು ದಶಕಗಳ ಕಾಲ ಬೆಟ್ಟ ಹತ್ತಿ ಇಳಿದಿದ್ದಾರೆ. ಬ್ರೇಕಿನ ಜಾತಿಯಲ್ಲಿ ದೋಷವಿಲ್ಲ. ದೋಷವಿದ್ದದ್ದು ಆ ಅಡ್ಡ ವಯರಿನ ಕೋನದಲ್ಲಿ.

ಅಂಗಳದಲ್ಲಿ ಎರಡು ಗೂಟದ ನಡುವೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದವರಿಗೆ ಈ ವಿಷಯ ಕೈಗೇ ಗೊತ್ತಿರುತ್ತದೆ. ಹಗ್ಗವನ್ನು ಜೋಲಾಗಿ ಬಿಟ್ಟರೆ ಹಸಿ ಕಂಬಳಿ ಹಾಕಿದರೂ ಗೂಟ ಅಲುಗುವುದಿಲ್ಲ. ಅದೇ ಹಗ್ಗವನ್ನು ತಂತಿಯ ಹಾಗೆ ಬಿಗಿದು ಕಟ್ಟಿ ನಡುವೆ ಒಂದು ಒದ್ದೆ ಪಂಚೆ ಹಾಕಿ ನೋಡಿ. ಗೂಟಗಳೆರಡೂ ಒಳಕ್ಕೆ ವಾಲುತ್ತವೆ. ಹಗ್ಗ ಮಟ್ಟಸವಾದಷ್ಟೂ ನಡುವಿನ ಸಣ್ಣ ಭಾರ ಎರಡು ತುದಿಯನ್ನೂ ಭಾರೀ ಬಲದಿಂದ ಎಳೆಯುತ್ತದೆ. ಬ್ರೇಕಿನಲ್ಲಿ ಈ ಚಿತ್ರವನ್ನು ತಲೆಕೆಳಗು ಮಾಡಿಕೊಳ್ಳಿ: ಭಾರದ ಬದಲು ಕೊಕ್ಕೆ ಮೇಲಕ್ಕೆ ಎಳೆಯುತ್ತದೆ, ಗೂಟದ ಬದಲು ತೋಳುಗಳು ಒಳಕ್ಕೆ ಬರುತ್ತವೆ. ಕೊಕ್ಕೆ ಎತ್ತರದಲ್ಲಿದ್ದು ಅಡ್ಡ ವಯರ್ ಗೋಪುರದ ಹಾಗೆ ಚೂಪಾಗಿದ್ದರೆ ಒಳಮುಖ ಎಳೆತ ಕಡಿಮೆ. ಕೊಕ್ಕೆ ಕೆಳಗಿಳಿದು ವಯರ್ ಚಪ್ಪಟೆಯಾದರೆ ಎಳೆತ ಹೆಚ್ಚು. ವಯರಿನ ಎರಡು ಕಡೆಯೂ ನೆಲಮಟ್ಟದಿಂದ 60 ಡಿಗ್ರಿ ಎದ್ದಿದ್ದರೆ ಒಂದೊಂದು ಬದಿಗೆ ಸಿಗುವ ಒಳಮುಖ ಬಲ ಮುಖ್ಯ ವಯರಿನ ಬಲದ ಶೇ. 29ರಷ್ಟು. ಅದನ್ನೇ 30 ಡಿಗ್ರಿಗೆ ಇಳಿಸಿದರೆ ಶೇ. 87. ಬೆರಳಿನ ಬಲ ಅಷ್ಟೇ, ಫಲ ಮೂರು ಪಟ್ಟು. ನೆಟ್ಟಗೆ ಮೇಲಕ್ಕೆ ನಿಂತ ತೋಳುಗಳಿಗೆ ಈ ಲೆಕ್ಕ ಪೂರ್ತಿ ಒಪ್ಪುತ್ತದೆ. ಮಫಾಕ್ ಮಾದರಿಯಲ್ಲಿ ತೋಳುಗಳು ರೆಕ್ಕೆಯಂತೆ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಮೇಲ್ಮುಖ ಎಳೆತವೂ ಕೆಲಸಕ್ಕೆ ಬರುತ್ತದೆ, ಹಾಗಾಗಿ ಕೋನದ ಲಾಭ ಅಲ್ಲಿ ಕಡಿಮೆ. ನನ್ನದು ಇವೆರಡರ ನಡುವಿನದು.

ಇಷ್ಟು ಲಾಭ ಪುಕ್ಕಟೆ ಸಿಗುವುದಿಲ್ಲ. ಬಲ ಹೆಚ್ಚಿದಷ್ಟೂ ರಬ್ಬರ್ ಸರಿಯುವ ದೂರ ಕಡಿಮೆಯಾಗುತ್ತದೆ. ಲಿವರನ್ನು ಅಷ್ಟೇ ದೂರ ಎಳೆದರೂ ರಬ್ಬರ್ ಹಿಂದಿಗಿಂತ ಕಡಿಮೆ ಚಲಿಸುತ್ತದೆ. ಆದ್ದರಿಂದ ಅದನ್ನು ರಿಮ್ಮಿಗೆ ಹತ್ತಿರವೇ ನಿಲ್ಲಿಸಬೇಕು. ರಿಮ್ ಓಲಾಡುತ್ತಿದ್ದರೆ ಹತ್ತಿರ ನಿಲ್ಲಿಸಲಾಗದು, ಪ್ರತಿ ಸುತ್ತಿಗೂ ತಾಗುತ್ತದೆ. ಯಾರೋ ಹಿಂದೆ ಮಾಡಿದ್ದು ಇಷ್ಟೇ: ಚಕ್ರದ ಬೆಂಡ್ ತೆಗೆಯುವ ಬದಲು ರಬ್ಬರನ್ನು ದೂರ ಸರಿಸಿ, ದೂರದಿಂದಲೂ ರಿಮ್ ಮುಟ್ಟಲೆಂದು ಕೊಕ್ಕೆಯನ್ನು ಮೇಲಕ್ಕೆ ಎತ್ತಿದ್ದರು. ಈಗ ಲಿವರ್ ಚೂರು ಒತ್ತಿದರೆ ಸಾಕು, ರಬ್ಬರ್ ಓಡಿಬಂದು ರಿಮ್ಮಿಗೆ ತಾಗಿ ನಿಲ್ಲುತ್ತದೆ. ಕೈಗೆ ಕಲ್ಲಿನಂತೆ ಗಟ್ಟಿ. ಆ ಗಟ್ಟಿತನವೇ ಬ್ರೇಕ್ ದುರ್ಬಲ ಎಂಬುದರ ಗುರುತು. ಬಲವಾದ ಬ್ರೇಕ್ ಕೈಗೆ ತುಸು ಮೆತ್ತಗೇ ಇರುತ್ತದೆ, ಏಕೆಂದರೆ ಒತ್ತಡ ಏರಿದಂತೆ ರಬ್ಬರೂ ತೋಳೂ ಸ್ವಲ್ಪ ಮಣಿಯುತ್ತವೆ ಮತ್ತು ಆ ಮಣಿತ ಲಿವರಿನಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಟನ್ ಊರಿನಲ್ಲಿ ಸೈಕಲ್ ಮೆಕ್ಯಾನಿಕ್ ಆಗಿದ್ದ ಶೆಲ್ಡನ್ ಬ್ರೌನ್ (1944–2008) ಈ ತಿರುವುಮುರುವನ್ನು ರೇಖಾಗಣಿತ ಸಮೇತ ವಿವರಿಸಿ ಬರೆದಿದ್ದಾರೆ. ಅಂಗಡಿಯಲ್ಲಿ ಗಿರಾಕಿಗೆ ಇಷ್ಟವಾಗುವ ಲಿವರೂ ರಸ್ತೆಯಲ್ಲಿ ನಿಲ್ಲಿಸುವ ಲಿವರೂ ಬೇರೆ ಬೇರೆ ಎಂದು ಒಪ್ಪಿಕೊಳ್ಳಲು ನನಗಂತೂ ಸಮಯ ಹಿಡಿಯಿತು.

ಒಂದು ಎಚ್ಚರಿಕೆ. ಲಿವರ್ ಗಟ್ಟಿಯಾಗಲು ಇನ್ನೊಂದು ಕಾರಣವೂ ಇದೆ: ತುಕ್ಕು ಹಿಡಿದ ವಯರ್. ಲಿವರ್ ಬಿಟ್ಟಾಗ ಟಪ್ಪೆಂದು ಹಿಂದೆ ಹಾರದೆ ಸೋಮಾರಿಯ ಹಾಗೆ ಮರಳಿದರೆ ಕಾರಣ ಅದೇ. ನನ್ನ ಸೈಕಲ್‌ನಲ್ಲಿ ಎರಡೂ ಇದ್ದವು.

ಹೀಗೆ ಬ್ರೇಕ್ ರಿಪೇರಿ ಶುರುವಾದದ್ದು ಚಕ್ರದಿಂದ. ಸಾಬ್ರು ಒಂದು ಮಧ್ಯಾಹ್ನವಿಡೀ ಕಡ್ಡಿ ಕಡ್ಡಿಯನ್ನೂ ಬಿಗಿದು ಸಡಿಲಿಸಿ ಬೆಂಡನ್ನು ಅರ್ಧ ಮಿಲಿಮೀಟರಿಗೆ ಇಳಿಸಿದರು. ಪಾನಾವನ್ನು ಕಾಲು ಸುತ್ತು ತಿರುಗಿಸಿ, ಕಡ್ಡಿಯನ್ನು ಉಗುರಿನಿಂದ ಮೀಟಿ, ಆ ನಾದ ಕೇಳಿ ಮುಂದಿನದಕ್ಕೆ ಹೋಗುತ್ತಿದ್ದರು. ಆಮೇಲೆ ರಬ್ಬರನ್ನು ರಿಮ್ಮಿನಿಂದ ಎರಡು ಮಿಲಿಮೀಟರ್ ದೂರಕ್ಕೆ ತಂದು, ಕೊಕ್ಕೆಯನ್ನು ಸುಮಾರು ಎರಡು ಬೆರಳಿನಗಲ ಕೆಳಗಿಳಿಸಿ, ಅಡ್ಡ ವಯರನ್ನು ಗಿಡ್ಡ ಮಾಡಿದೆವು. ಎಷ್ಟು ಇಳಿಸಬಹುದು ಎಂಬುದಕ್ಕೆ ಮಿತಿ ಎರಡು. ಕೊಕ್ಕೆಯಾಗಲಿ ವಯರಾಗಲಿ ಮಡ್‌ಗಾರ್ಡಿಗೆ ತಾಗಬಾರದು. ಪೂರ್ತಿ ಬಲ ಹಾಕಿ ಹಿಂಡಿದಾಗಲೂ ಲಿವರ್ ಹ್ಯಾಂಡಲ್ ಮುಟ್ಟಬಾರದು, ನಡುವೆ ಬೆರಳು ತೂರುವಷ್ಟು ಜಾಗ ಉಳಿದಿರಬೇಕು. ರಬ್ಬರ್ ಸವೆದಂತೆ ಲಿವರ್ ಇನ್ನಷ್ಟು ಒಳಕ್ಕೆ ಬರುತ್ತದಾದ್ದರಿಂದ ಆ ಜಾಗವನ್ನು ಆಗಾಗ ನೋಡಿಕೊಳ್ಳಬೇಕು.

ಮಡ್‌ಗಾರ್ಡಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. ಮುಖ್ಯ ವಯರ್ ತುಂಡಾದರೆ ಅಡ್ಡ ವಯರ್ ಟೈರಿನ ಮೇಲೆ ಬೀಳುತ್ತದೆ. ಟೈರಿನ ಹಲ್ಲಿಗೆ ಸಿಕ್ಕಿದರೆ ಮುಂದಿನ ಚಕ್ರ ಓಡುತ್ತಿರುವಾಗಲೇ ಕಚ್ಚಿ ನಿಲ್ಲುತ್ತದೆ, ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾನೆ. ಮುಂದಿನ ಮಡ್‌ಗಾರ್ಡು ಆ ವಯರನ್ನು ತಡೆಯುತ್ತದೆ. ಚೆಂದಕ್ಕೆಂದು ಮಡ್‌ಗಾರ್ಡು ಬಿಚ್ಚಿ ಓಡಿಸುವವರು ಆ ಜಾಗದಲ್ಲಿ ವಯರನ್ನು ತಡೆಯುವ ಒಂದು ಪಟ್ಟಿಯನ್ನಾದರೂ ಹಾಕಿಕೊಳ್ಳಲೇಬೇಕು.

ವಯರೂ ಅದರ ಔಟರೂ ಪೂರ್ತಿ ಹೊಸದು. ಹಳೆಯ ಔಟರ್ ಎಂದರೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಅಷ್ಟೇ. ಈಗಿನದರ ಒಳಗೆ ನುಣುಪಾದ ಪ್ಲಾಸ್ಟಿಕ್ ಕೊಳವೆ ಇರುವುದರಿಂದ ವಯರ್ ಎಣ್ಣೆ ಹಾಕಿದ ಹಾಗೆ ಜಾರುತ್ತದೆ. ಔಟರನ್ನು ಕತ್ತರಿಸಿದ ತುದಿ ಓರೆಯಾಗಿದ್ದರೆ ಲಿವರ್ ಹಿಂಡಿದಾಗ ಆ ತುದಿ ಮೊದಲು ಕುಸಿದು ಕೂರುತ್ತದೆ, ಬೆರಳಿನ ಚಲನೆ ಅಲ್ಲೇ ವ್ಯರ್ಥ. ಸಾಬ್ರು ಪ್ರತಿ ತುದಿಯನ್ನೂ ಅರದಿಂದ ಉಜ್ಜಿ ಮಟ್ಟಸ ಮಾಡಿ ಟೋಪಿ ತೊಡಿಸಿದರು. ಔಟರಿನಲ್ಲಿ ಆ ಚಲನೆ ಎಲ್ಲಿ ಪೋಲಾಗುತ್ತಿದೆ ಎಂದು ನೋಡಬೇಕಿದ್ದರೆ ಮನೆಯವರೊಬ್ಬರಿಗೆ ಲಿವರ್ ಹಿಂಡಿ ಬಿಡಿ ಎಂದು ಹೇಳಿ ಪಕ್ಕದಲ್ಲಿ ನಿಂತು ಗಮನಿಸಿ. ಕೆಟ್ಟ ಔಟರ್ ಒತ್ತಿದಾಗಲೆಲ್ಲ ಎರೆಹುಳುವಿನಂತೆ ಮಿಸುಕುತ್ತದೆ. ಗೇರಿನ ಔಟರನ್ನು ಮಾತ್ರ ಯಾರು ಎಷ್ಟೇ ಹೇಳಿದರೂ ಬ್ರೇಕಿಗೆ ಹಾಕಿಸಬೇಡಿ. ಅದರ ತಂತಿಗಳು ಸುರುಳಿ ಸುತ್ತಿರುವುದಿಲ್ಲ, ಉದ್ದಕ್ಕೆ ಮಲಗಿರುತ್ತವೆ. ಜೋರಾಗಿ ಬ್ರೇಕ್ ಹಿಡಿದ ದಿನ ಅದು ಬಿರಿದುಹೋಗಬಹುದು, ಆಗ ಕೈಯಲ್ಲಿ ಉಳಿಯುವುದು ಬರೀ ಲಿವರ್.

ಬ್ರೇಕ್ ರಬ್ಬರ್ ನೋಡಲು ಹೊಸದರಂತಿತ್ತು, ಸವೆದೇ ಇರಲಿಲ್ಲ. ಉಗುರು ಊರಿದರೆ ಗುರುತೇ ಮೂಡಲಿಲ್ಲ. ರಬ್ಬರ್ ಬಳಸದೆ ಇಟ್ಟರೂ ಮುದಿಯಾಗುತ್ತದೆ, ಹೆಂಚಿನ ಹಾಗೆ ಗಟ್ಟಿಯಾಗುತ್ತದೆ. ನಾನು ಹಾಕಿದ್ದು ಇಟ್ಟಿಗೆ ಬಣ್ಣದ ಕೂಲ್‌ಸ್ಟಾಪ್ ರಬ್ಬರ್. ಒದ್ದೆ ರಿಮ್ಮಿನ ಮೇಲೆ ಇದರ ಹಿಡಿತ ಕಪ್ಪು ರಬ್ಬರಿಗಿಂತ ಚೆನ್ನಾಗಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಸೈಕಲ್ ತುಳಿಯುವವರಿಗೆ ಇದು ಸಣ್ಣ ವಿಷಯವಲ್ಲ. ರಬ್ಬರ್ ಕೂರಿಸುವಾಗ ಅದರ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗುವಂತೆ, ಹಿಂದಿನ ತುದಿ ಒಂದು ಮಿಲಿಮೀಟರ್ ದೂರವಿರುವಂತೆ ಓರೆ ಕೊಡಬೇಕು. ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಮದುವೆ ಕಾಗದದ ದಪ್ಪ ರಟ್ಟನ್ನು ಮಡಚಿ ಇಟ್ಟು, ಲಿವರ್ ಹಿಂಡಿ ಹಿಡಿದು, ನಟ್ ಬಿಗಿದರೆ ಆಯಿತು. ಈ ಓರೆ ಇಲ್ಲದಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಕೀರಲು ದನಿ ಊರಿಗೇ ಕೇಳುತ್ತದೆ.

ರಿಮ್ಮು ಯಾವ ಲೋಹದ್ದು ಎಂಬುದು ಇದಕ್ಕಿಂತಲೂ ದೊಡ್ಡ ಮಾತು. ನನ್ನದು ಅಲ್ಯೂಮಿನಿಯಮ್. ಅದೇ ಕಾಲದ ಅಗ್ಗದ ಟೂರಿಂಗ್ ಸೈಕಲ್‌ಗಳಲ್ಲೂ ನಮ್ಮ ರಾಡ್ ಬ್ರೇಕಿನ ದೊಡ್ಡ ಸೈಕಲ್‌ಗಳಲ್ಲೂ ಇರುವುದು ಕ್ರೋಮ್ ಹೊಳಪಿನ ಉಕ್ಕಿನ ರಿಮ್. ಒಣಗಿದ್ದಾಗ ಅದು ಪರವಾಗಿಲ್ಲ. ನೆನೆದರೆ ರಬ್ಬರಿಗೂ ಆ ಕನ್ನಡಿ ಮೈಗೂ ನಡುವೆ ನೀರಿನ ಪೊರೆ ನಿಂತು ಹಿಡಿತ ಬಹುಪಾಲು ಕರಗಿಹೋಗುತ್ತದೆ. ಮಳೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವವರು ಎಷ್ಟೋ ಮೊದಲೇ ಕಾಲು ಇಳಿಬಿಡುವುದನ್ನು ನೋಡಿಯೇ ಬೆಳೆದವರು ನಾವು. ಅಂಥ ಸೈಕಲ್‌ಗೆ ಎಷ್ಟು ಬ್ರೇಕ್ ಬದಲಿಸಿದರೂ ರಿಮ್ ಬದಲಿಸಿದಷ್ಟು ಪ್ರಯೋಜನವಿಲ್ಲ. ಟೂರಿಂಗ್ ಸೈಕಲ್‌ನಲ್ಲಿ ಹೀಗೆ ಚಕ್ರ ಬದಲಿಸುವವರು ಒಂದು ಅಳತೆ ನೆನಪಿಡಬೇಕು. ಹಳೆಯ 27 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 630 ಮಿಲಿಮೀಟರ್, ಈಗ ಸುಲಭವಾಗಿ ಸಿಗುವ 700ಸಿ ರಿಮ್ಮಿನದು 622. ಬ್ರೇಕ್ ರಬ್ಬರ್ ನಾಲ್ಕು ಮಿಲಿಮೀಟರ್ ಕೆಳಗಿಳಿಯಬೇಕು. ತೋಳಿನ ಸೀಳಿನಲ್ಲಿ ಅಷ್ಟು ಜಾಗವಿದೆಯೇ ಎಂದು ಅಳೆದ ಮೇಲೆ ದುಡ್ಡು ಕೊಡಿ.

ಇಷ್ಟೆಲ್ಲ ಆದ ಮೇಲೆ ಸೈಕಲ್ ಚೆನ್ನಾಗಿ ನಿಲ್ಲತೊಡಗಿತು, ಹೊಸದೊಂದು ಕಾಟವೂ ಶುರುವಾಯಿತು. ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಫೋರ್ಕು ಗಡಗಡ ನಡುಗುತ್ತಿತ್ತು. ಹಿಂದೆ ದುರ್ಬಲ ಬ್ರೇಕಿನಲ್ಲಿ ಅಡಗಿದ್ದದ್ದು ಈಗ ಮೇಲೆ ಬಂತು. ಔಟರಿನ ಕೊನೆ ಕೂರುವ ಕೊಂಡಿ ಹ್ಯಾಂಡಲಿನ ಬುಡದಲ್ಲಿತ್ತು, ಬ್ರೇಕಿನ ತೋಳುಗಳು ಫೋರ್ಕಿನ ಮೇಲಿದ್ದವು. ರಬ್ಬರ್ ರಿಮ್ಮನ್ನು ಕಚ್ಚಿದಾಗ ಫೋರ್ಕು ಕೂದಲೆಳೆಯಷ್ಟು ಹಿಂದಕ್ಕೆ ಬಾಗುತ್ತದೆ. ಆಗ ಕೊಂಡಿಗೂ ತೋಳಿಗೂ ನಡುವಿನ ದೂರ ಹೆಚ್ಚಿ ವಯರ್ ತಾನಾಗಿಯೇ ಬಿಗಿಯಾಗುತ್ತದೆ. ಬಿಗಿಯಾದರೆ ಬ್ರೇಕ್ ಇನ್ನಷ್ಟು ಕಚ್ಚುತ್ತದೆ, ಫೋರ್ಕು ಇನ್ನಷ್ಟು ಬಾಗುತ್ತದೆ, ಒಂದು ಹಂತದಲ್ಲಿ ರಬ್ಬರ್ ಜಾರಿ ಫೋರ್ಕು ಮುಂದಕ್ಕೆ ಚಿಮ್ಮುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಹಲವು ಸಲ ನಡೆಯುವ ಈ ಹಗ್ಗಜಗ್ಗಾಟವೇ ನಡುಕ. ಪರಿಹಾರವೆಂದರೆ ಕೊಂಡಿಯನ್ನೂ ಫೋರ್ಕಿನ ಮೇಲೇ ಕೂರಿಸುವುದು. ಆಗ ಕೊಂಡಿ, ತೋಳು ಎರಡೂ ಒಟ್ಟಿಗೆ ಬಾಗುತ್ತವೆ, ನಡುವಿನ ದೂರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಫೋರ್ಕಿನ ನೆತ್ತಿಯಲ್ಲಿ ಮಡ್‌ಗಾರ್ಡಿನ ಬೋಲ್ಟಿಗೆಂದು ತೂತು ಇದ್ದೇ ಇತ್ತು. ಸಾಬ್ರ ಪಕ್ಕದ ಲೇತ್ ಅಂಗಡಿಯಲ್ಲಿ ನಾಲ್ಕು ಮಿಲಿಮೀಟರ್ ಉಕ್ಕಿನ ಪಟ್ಟಿ ಬಾಗಿಸಿ, ಔಟರಿನ ಟೋಪಿ ಕೂರುವಷ್ಟು ತೂತು ಕೊರೆಸಿ, ಆ ಬೋಲ್ಟಿಗೇ ಬಿಗಿದೆವು. ಅದಾದ ಮೇಲೆ ನಡುಕ ಬರಲಿಲ್ಲ.

ಇಷ್ಟು ಒದ್ದಾಡುವ ಬದಲು ವಿ-ಬ್ರೇಕ್ ಹಾಕಿಸಬಾರದಿತ್ತೇ ಎಂದು ಬಹಳ ಮಂದಿ ಕೇಳಿದರು. 1996ರಲ್ಲಿ ಶಿಮಾನೊ ತಂದ ಈ ಬ್ರೇಕು ಒಳ್ಳೆಯದೇ. ಅದರ ಉದ್ದ ತೋಳುಗಳಿಗೆ ಹಳೆಯ ಲಿವರ್ ಎಳೆಯುವುದಕ್ಕಿಂತ ಸರಿಸುಮಾರು ಎರಡು ಪಟ್ಟು ವಯರ್ ಬೇಕು. ಬಾಗಿದ ಹ್ಯಾಂಡಲಿನ ಹಳೆಯ ಲಿವರಿಗೆ ಜೋಡಿಸಿದರೆ ರಬ್ಬರ್ ರಿಮ್ ಮುಟ್ಟುವುದರೊಳಗೆ ಲಿವರ್ ಹ್ಯಾಂಡಲಿಗೆ ಬಡಿಯಬಹುದು. ನಡುವೆ ರಾಟೆ ಹಾಕಿ ಸರಿದೂಗಿಸುವ ಸಾಧನಗಳಿವೆ, ಗಿಡ್ಡ ತೋಳಿನ ವಿ-ಬ್ರೇಕುಗಳೂ ಇವೆ. ಆದರೆ ಹಳೆಯ ಫೋರ್ಕಿನ ಗೂಟಗಳ ನಡುವಿನ ಅಂತರ ಈಗಿನದಕ್ಕಿಂತ ಕಿರಿದಾಗಿರುವುದು ಸಾಮಾನ್ಯ, ಅಳೆಯದೆ ಕೊಂಡರೆ ಹಣ ದಂಡ. ಡಿಸ್ಕ್ ಬ್ರೇಕಿನ ಮಾತೇ ಬೇಡ. ಅದರ ಭಾರವೆಲ್ಲ ಫೋರ್ಕಿನ ಒಂದೇ ಕಾಲಿನ ತುದಿಗೆ ಬೀಳುತ್ತದೆ. ಅಣ್ಣನ ಸೈಕಲ್‌ನ ಸಪೂರ ಫೋರ್ಕನ್ನು ಆ ಹೊರೆಗೆ ಮಾಡಿದ್ದಲ್ಲ.

ಬ್ರೇಕ್ ಸರಿಯಾದ ಮೇಲೂ ತಪ್ಪು ಲಿವರ್ ಹಿಡಿದರೆ ಪ್ರಯೋಜನವಿಲ್ಲ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಎಂಬ ಹೆದರಿಕೆಯಲ್ಲೇ ನಾವೆಲ್ಲ ಸೈಕಲ್ ಕಲಿತದ್ದು. ಆದರೆ ವೇಗ ಇಳಿಯುವಾಗ ತೂಕವೆಲ್ಲ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರಾಗುತ್ತದೆ, ಬೇಗ ಜಾರುತ್ತದೆ. ಒಣ ಡಾಂಬರಿನ ಮೇಲೆ, ಸಮತಟ್ಟಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮುಂದಿನ ಬ್ರೇಕನ್ನು ಚೆನ್ನಾಗಿ ಬಳಸಿದರೆ ಸುಮಾರು ಏಳು ಮೀಟರಿನಲ್ಲಿ ನಿಲ್ಲಬಹುದು. ಬರೀ ಹಿಂದಿನದರಲ್ಲಿ ನಿಲ್ಲಲು ಅದರ ಎರಡರಷ್ಟು ದೂರ ಬೇಕು. ಪಲ್ಟಿಯಾಗುವವರಲ್ಲಿ ಹೆಚ್ಚಿನವರು ಕೈಯನ್ನು ಸಡಿಲ ಬಿಟ್ಟಿರುತ್ತಾರೆ. ಸೈಕಲ್ ನಿಧಾನವಾದರೂ ಮೈ ಮುಂದಕ್ಕೆ ಹೋಗುತ್ತದೆ. ಸೀಟಿನ ಹಿಂದಕ್ಕೆ ಸರಿದು, ತೋಳು ನೀಡಿ ಹ್ಯಾಂಡಲಿಗೆ ಒತ್ತು ಕೊಟ್ಟು, ಲಿವರನ್ನು ಹಂತ ಹಂತವಾಗಿ ಹಿಂಡಬೇಕು. ಮರಳು, ಒದ್ದೆ ಎಲೆ, ತಿರುವಿನಲ್ಲಿ ಸೈಕಲ್ ವಾಲಿಸಿದಾಗ ಮಾತ್ರ ಮುಂದಿನದರ ಮೇಲೆ ಭಾರ ಹಾಕಬಾರದು. ಖಾಲಿ ಮೈದಾನದಲ್ಲಿ ಒಂದು ಬೆಳಿಗ್ಗೆ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಮರುವರ್ಷ ಅದೇ ಚೀಲ ಕಟ್ಟಿಕೊಂಡು ಆಗುಂಬೆಗೆ ಹೋದೆ. ಇಳಿಯುವ ಮೊದಲು ಸೈಕಲ್ ಪಕ್ಕದಲ್ಲಿ ನಿಂತು ಎರಡೂ ಲಿವರನ್ನು ಮೈಯ ಬಲವೆಲ್ಲ ಹಾಕಿ ಹತ್ತು ಹತ್ತು ಸಲ ಹಿಂಡಿದೆ. ವಯರ್ ತುಂಡಾಗುವುದಿದ್ದರೆ ಅಲ್ಲೇ ಆಗಲಿ ಎಂದು. ಲಿವರ್ ಈಗ ಮೆತ್ತಗೆ ಅರ್ಧದಷ್ಟು ಒಳಗೆ ಬರುತ್ತದೆ. ಎರಡೇ ಬೆರಳಿನಲ್ಲಿ ನಾಲ್ಕನೇ ತಿರುವು ದಾಟಿದೆ. ಏಳನೇ ತಿರುವಿನ ಹತ್ತಿರ ನಿಂತು ರಿಮ್ ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. ಟೈರಿನೊಳಗಿನ ಗಾಳಿಯೂ ಕಾಯುತ್ತಿರುತ್ತದೆ, ತೀರಾ ಕಾದರೆ ಟೈರು ಸಿಡಿಯುವುದುಂಟು. ಹತ್ತು ನಿಮಿಷ ಕೂತು, ರಿಮ್ ಆರಿದ ಮೇಲೆ ಮುಂದಕ್ಕೆ ಹೊರಟೆ.

ಸೋಮೇಶ್ವರದಲ್ಲಿ ಬಟ್ಟೆಯಿಂದ ರಿಮ್ ಒರೆಸಿದಾಗ ಬೂದು ಬಣ್ಣದ ಮಸಿ ಬಂತು. ಅದರಲ್ಲಿ ರಬ್ಬರಿನ ಪುಡಿಯಷ್ಟೇ ಅಲ್ಲ, ಅಲ್ಯೂಮಿನಿಯಮ್ಮೂ ಇರುತ್ತದೆ. ಬ್ರೇಕ್ ರಬ್ಬರಿನಲ್ಲಿ ಲೋಹದ ಚೂರು ಹೊಳೆಯುತ್ತಿದ್ದರೆ ಸೂಜಿಯಿಂದ ಕಿತ್ತು ತೆಗೆಯಬೇಕು, ಇಲ್ಲದಿದ್ದರೆ ಅದು ಅರದ ಹಾಗೆ ರಿಮ್ಮನ್ನು ತಿನ್ನುತ್ತದೆ. ಎಷ್ಟು ಜೋಪಾನ ಮಾಡಿದರೂ ರಿಮ್ಮಿನ ಗೋಡೆ ತೆಳುವಾಗುತ್ತ ಹೋಗುತ್ತದೆ, ಅದರ ಮೈ ಒಳಕ್ಕೆ ತಗ್ಗುತ್ತದೆ. ಸ್ಟೀಲ್ ಪಟ್ಟಿಯ ಅಂಚನ್ನು ರಿಮ್ಮಿಗೆ ಆನಿಸಿ ಬೆಳಕಿಗೆ ಹಿಡಿದರೆ ಆ ತಗ್ಗು ಕಾಣುತ್ತದೆ. ನನ್ನ ಮುಂದಿನ ರಿಮ್ಮಿನಲ್ಲಿ ಈಗ ಪಟ್ಟಿ ಬೇಡ, ಉಗುರಿಗೇ ಸಿಗುತ್ತದೆ. ಮುಂದಿನ ಮಳೆಗಾಲದ ಒಳಗೆ ಬದಲಿಸಬೇಕು. 36 ಕಡ್ಡಿಯ 700ಸಿ ರಿಮ್ ತರಿಸಲು ಸಾಬ್ರಿಗೆ ಹೇಳಿಟ್ಟಿದ್ದೇನೆ.